ಪೊಟ್ಟಣದ ಮೇಲಿನ ಸೂರ್ಯ

ಔಷಧಿ ಸರಿಯಾದದ್ದೇ. ಕೊಟ್ಟವರು ಸರಿಯಾಗಿ ಕೊಟ್ಟಿದ್ದಾರೆ, ನುಂಗುವವರು ತಪ್ಪದೆ ನುಂಗುತ್ತಿದ್ದಾರೆ. ಆದರೂ ಕಾಯಿಲೆ ಮಾತ್ರ, ಬಂದ ನೆಂಟ ತನ್ನ ಚಪ್ಪಲಿಯನ್ನು ತಾನೇ ಬಚ್ಚಿಟ್ಟು ಕೂತ ಹಾಗೆ, ಜಾಗ ಬಿಟ್ಟು ಕದಲುವುದಿಲ್ಲ. ಇಂಥದ್ದು ಯಾರ ಮನೆಯಲ್ಲಿ ಆಗಿಲ್ಲ ಹೇಳಿ? ಗುಳಿಗೆಯಕ್ಕನ ಮನೆಯಲ್ಲೂ ಆಯಿತು.

ಗುಳಿಗೆಯಕ್ಕ ಎಂದರೆ ಬೀದಿಯ ತಿರುವಿನಲ್ಲಿರುವ ಔಷಧದಂಗಡಿಯವಳು. ಫಾರ್ಮಸಿಯಲ್ಲಿ ಪದವಿ ಓದಿ, ಮದುವೆಯಾಗಿ ಬಂದು, ಮಾವ ಕಟ್ಟಿ ಬೆಳೆಸಿದ ಅಂಗಡಿಯನ್ನು ತನ್ನ ಕೈಗೆ ತೆಗೆದುಕೊಂಡವಳು. ಮಾವ ಈಗ ಗಾಜಿನ ಕಪಾಟಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಬೀದಿಯಲ್ಲಿ ಬರುವವರ ಕೆಮ್ಮು ಕೇಳಿಯೇ ಅವರು ಯಾರ ಮನೆಯವರೆಂದು ಹೇಳಿಬಿಡುತ್ತಿದ್ದರು. ಊರಿಗೆಲ್ಲ ಅವರು ಕಾಂಪೌಂಡರ್ ತಾತ.

ಆ ಅಂಗಡಿಗೊಂದು ಪದ್ಧತಿಯಿತ್ತು. ಮಾತ್ರೆಯ ಪೊಟ್ಟಣದ ಮೇಲೆ ಅಕ್ಷರ ಬರೆಯುವುದರ ಜೊತೆಗೆ ಚಿತ್ರವನ್ನೂ ಬರೆಯಬೇಕು. ಬೆಳಗಿನ ಮಾತ್ರೆಗೆ ಕೆಂಪು ಪೆನ್ಸಿಲ್ಲಿನ ಸೂರ್ಯ, ರಾತ್ರಿಯದಕ್ಕೆ ನೀಲಿ ಪೆನ್ಸಿಲ್ಲಿನ ಚಂದ್ರ. ಓದಲು ಬಾರದವರಿಗಾಗಿ ಮಾವ ಹರೆಯದಲ್ಲಿ ಶುರು ಮಾಡಿದ ಉಪಾಯ ಅದು. ಅವರು ಬರೆದ ಸೂರ್ಯನಿಗೆ ಮೀಸೆಯಿರುತ್ತಿತ್ತು. ಚಂದ್ರನಿಗೆ ಒಂದು ಕಳ್ಳ ನಗು. ಊರಿನ ಮಕ್ಕಳು ಖಾಲಿ ಪೊಟ್ಟಣಗಳನ್ನು ಜೋಡಿಸಿಟ್ಟುಕೊಂಡು, ಸೂರ್ಯ ಚಂದ್ರನನ್ನು ಅಟ್ಟಿಸಿಕೊಂಡು ಹೋದ ಕಥೆ ಕಟ್ಟಿ ಆಡುತ್ತಿದ್ದರು.

"ಚೀಟಿ ನೋಡು, ಡಬ್ಬಿ ನೋಡು, ಸೂರ್ಯ-ಚಂದ್ರರನ್ನ ಕೂರಿಸು, ಕೊಟ್ಟು ಕಳಿಸು. ನಮ್ಮ ವಿದ್ಯೆ ಇಷ್ಟೇ ಕಣಮ್ಮ. ಮಿಕ್ಕಿದ್ದು ಡಾಕ್ಟರಿಗೆ, ದೇವರಿಗೆ," ಎನ್ನುತ್ತಿದ್ದರು ಮಾವ. ಗುಳಿಗೆಯಕ್ಕನೂ ಹಾಗೆಯೇ ನಡೆದುಕೊಂಡು ಬಂದಿದ್ದಳು. ಅವಳ ಕೈಯಲ್ಲಿ ಎಂದೂ ಡಬ್ಬಿ ಅದಲುಬದಲಾದದ್ದಿಲ್ಲ.

ಹೀಗಿರುವಾಗ ಅವಳ ಗಂಡನೇ ಸೊರಗತೊಡಗಿದ.

ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಬೀದಿಯ ಮಕ್ಕಳಿಗೆ ಅವನು ಬನ್ನಣ್ಣ. ಮೊದಲೆಲ್ಲ ಹಗಲಿನ ಪಾಳಿ ಇತ್ತು. ಬೇಕರಿಗೆ ಗಿರಾಕಿ ಹೆಚ್ಚಾದ ಮೇಲೆ ರಾತ್ರಿಯ ಪಾಳಿ ಬಂತು. ಊರು ಮಲಗಿದಾಗ ಅವನು ಹಿಟ್ಟು ನಾದಬೇಕು, ಊರು ಏಳುವಾಗ ಮನೆಗೆ ಬಂದು ಮಲಗಬೇಕು. ಅವನಿಗೆ ಸಕ್ಕರೆ ಕಾಯಿಲೆಯೂ ಇತ್ತು. ಅದಕ್ಕೊಂದು ಮಾತ್ರೆ: ಬೆಳಿಗ್ಗೆ, ತಿನ್ನುವ ಮೊದಲು. ಪೊಟ್ಟಣದ ಮೇಲೆ ಅಪ್ಪನೇ ಬರೆದ ಮೀಸೆಯ ಸೂರ್ಯ.

ಈಚೆಗೆ ಬನ್ನಣ್ಣ ನಿದ್ದೆಯಿಂದ ಎದ್ದರೆ ದಿಂಬು ಒದ್ದೆ. ಕೈ ನಡುಕ. ಕೆಟ್ಟ ಕನಸುಗಳು. ಒಂದು ದಿನ ಮೆಟ್ಟಿಲ ಮೇಲೆ ಕೂತು, ಪಕ್ಕದ ಮನೆ ಚಿಕ್ಕಮ್ಮನ ಹತ್ತಿರ ತನ್ನದೇ ಮನೆಯ ದಾರಿ ಕೇಳಿದನಂತೆ.

"ಏನು ತಮಾಷೆ ಮಾಡ್ತೀಯೋ ಅಂತ ನಾನು ನಕ್ಕುಬಿಟ್ಟೆ ಕಣೇ," ಎಂದು ಚಿಕ್ಕಮ್ಮ ಅಂಗಡಿಗೆ ಬಂದು ಹೇಳಿದಳು. "ಆಮೇಲೆ ಅವನ ಕಣ್ಣು ನೋಡಿ ಭಯ ಆಯ್ತು."

ಸಕ್ಕರೆ ಇಳಿಯುತ್ತಿರಬಹುದೇ ಎಂಬ ಅನುಮಾನ ಗುಳಿಗೆಯಕ್ಕನಿಗೂ ಬಂತು. ಸಂಜೆ ಅಂಗಡಿಯಿಂದ ಬಂದವಳೇ ಗಂಡನ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದಳು. ಇಳಿದಿರುವುದಿರಲಿ, ಏರಿಯೇ ಇತ್ತು! ಹಸಿದ ಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿದರು. ಅದೂ ಜಾಸ್ತಿ. ಡಾಕ್ಟರಮ್ಮ ಆ ಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣ ಹೆಚ್ಚು ಮಾಡಿದರು. ನಾಡಿದ್ದಿನಿಂದ ಹೊಸ ಮಾತ್ರೆ.

ಏರಿದೆ ಎನ್ನುತ್ತದೆ ಯಂತ್ರ, ಇಳಿದಿದೆ ಎನ್ನುತ್ತದೆ ನಡುಗುವ ಕೈ. ಯಾವುದನ್ನು ನಂಬುವುದು? ಗುಳಿಗೆಯಕ್ಕನಿಗೆ ಮಾತ್ರೆಯ ಹೆಸರು ಗೊತ್ತು, ಗುಣ ಗೊತ್ತು, ಎಷ್ಟು ತಣ್ಣಗಿನ ಜಾಗದಲ್ಲಿ ಇಡಬೇಕೆಂಬುದೂ ಗೊತ್ತು. ಆದರೆ ಈ ಎರಡು ದಾರಗಳನ್ನು ಗಂಟು ಹಾಕುವುದು ಹೇಗೆಂದು ಗೊತ್ತಾಗಲಿಲ್ಲ. ದಿನವೂ ಊರಿಗೆಲ್ಲ ಔಷಧಿ ಕೊಡುವ ಕೈ ಗಂಡನ ಹಣೆಯ ಮೇಲೆ ಸುಮ್ಮನೆ ಇತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಬಂದು ನಿಂತವಳು ಚೂಟಿ.

ಚೂಟಿ ಗುಳಿಗೆಯಕ್ಕನ ಕಾಲೇಜಿನ ಗೆಳತಿ. ಈಗ ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿ ಅವಳು ಔಷಧದ ಕಿಟಕಿಯ ಹಿಂದೆ ಕೂರುವುದಿಲ್ಲ; ಡಾಕ್ಟರುಗಳ ಜೊತೆ ರೋಗಿಗಳ ಹಾಸಿಗೆಯಿಂದ ಹಾಸಿಗೆಗೆ ಓಡಾಡುತ್ತಾಳೆ. ನೆಂಟರ ಮನೆಗೆ ಬಂದವಳು ಗೆಳತಿಯನ್ನು ನೋಡಿಕೊಂಡು ಹೋಗೋಣವೆಂದು ಬಂದಿದ್ದಳು.

"ಏನೇ, ಫೋನಲ್ಲಿ ಬಾಯಿ ನೋಯೋ ಹಾಗೆ ಹೇಳಿದೆ. ಓದೋಕೆ ಅರ್ಜಿ ಹಾಕಿದ್ಯಾ ಇಲ್ವಾ?" ಎಂದಳು, ಹೊತ್ತು ತಂದ ಚೀಲವನ್ನೂ ಇಳಿಸದೆ.

"ಶ್! ಮಾವ ಇದಾರೆ."

"ಇದೀನಿ ಇದೀನಿ, ಕಿವಿಯೂ ಇದೆ," ಎಂದರು ಬೆತ್ತದ ಕುರ್ಚಿಯಿಂದ ಮಾವ. "ಏನಮ್ಮಾ ಅದು ಅರ್ಜಿ? ಮನೆಯಲ್ಲಿ ಮಗಳು ಕಾಲೇಜಿಗೆ ಹೋಗೋ ವಯಸ್ಸಿಗೆ ಬಂದಿದಾಳೆ. ಈಗ ಇವಳು ಚೀಲ ನೇತುಹಾಕ್ಕೊಂಡು ಹೋಗ್ತಾಳಂತಾ?"

"ಎಲ್ಲಿಗೂ ಹೋಗೋದು ಬೇಡ ತಾತ. ಅದೇ ಅದರ ಚಂದ. ದೂರಶಿಕ್ಷಣ. ಸ್ನಾತಕೋತ್ತರ ಕೋರ್ಸು, ಕ್ಲಿನಿಕಲ್ ಫಾರ್ಮಸಿ ಅಂತ, ಕೊಟ್ಟ ಔಷಧಿ ಆ ರೋಗಿಗೆ ಹೊಂದುತ್ತಾ ಅಂತ ನೋಡೋ ವಿದ್ಯೆ. ಪಾಠ ಮನೆಗೇ ಬರುತ್ತೆ, ಕಂಪ್ಯೂಟರಲ್ಲಿ, ಫೋನಲ್ಲಿ. ನಾನೂ ಕೆಲಸ ಬಿಡದೇನೆ ಓದಿದ್ದು."

ಮಾವ ಗಹಗಹಿಸಿ ನಕ್ಕರು. "ಅಂಚೆಯಲ್ಲಿ ಈಜು ಕಲಿಸೋ ಹಾಗಾಯ್ತಲ್ಲ ಇದು!"

"ನೀರಿಗೇ ಇಳಿಯದವರಿಗೆ ಅಂಚೆಯಲ್ಲಿ ಕಲಿಸೋಕಾಗಲ್ಲ ತಾತ, ನಿಜ. ಇದು ದಿನಾ ನೀರಲ್ಲಿರೋರಿಗೆ. ಕೈ ಹೀಗೆ ಬೀಸು, ಉಸಿರು ಹೀಗೆ ಹಿಡಿ ಅಂತ ದಡದಿಂದ ಹೇಳ್ತಾರೆ. ಇವಳು ಇಲ್ಲೇ, ಇದೇ ಅಂಗಡಿಯಲ್ಲಿ, ಬರೋ ಗಿರಾಕಿಗಳನ್ನ ನೋಡ್ತಾನೇ ಕಲೀತಾಳೆ. ನಡುನಡುವೆ ಕೆಲವು ದಿನ ಆಸ್ಪತ್ರೆಗೆ ಕರೆಸಿ ಎದುರೇ ನಿಲ್ಲಿಸಿ ಕಲಿಸ್ತಾರೆ. ಪರೀಕ್ಷೆನೂ ಇರುತ್ತೆ, ಬಿಡಲ್ಲ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಮರ ಬಗ್ಗೋದು ಯಾಕೆ ತಾತ? ಇನ್ನೊಂದು ಕೊಂಬೆ ಬಿಟ್ರೆ ಸಾಲದಾ?"

ಮಾವನಿಗೆ ಆ ಮಾತು ಇಷ್ಟವಾಯಿತು. ಆದರೆ ಇಷ್ಟವಾಯಿತೆಂದು ತೋರಿಸಿಕೊಳ್ಳುವ ಜಾಯಮಾನ ಅವರದಲ್ಲ. "ಮಾತು ಬಲ್ಲೆ ಬಿಡು," ಎಂದು ಕನ್ನಡಕ ಒರೆಸಿಕೊಂಡರು. "ಅಷ್ಟೆಲ್ಲ ಓದಿ ಏನು ಹೊಸದು ಮಾಡ್ತೀರಿ? ಚೀಟಿ ಅದೇ, ಡಬ್ಬಿ ಅದೇ."

"ಚೀಟಿ, ಡಬ್ಬಿ ಅದೇ. ಮನುಷ್ಯರು ಮಾತ್ರ ಬೇರೆಬೇರೆ. ನಾವು ಡಬ್ಬಿಯಿಂದ ಶುರು ಮಾಡ್ತಿದ್ವಿ, ಅಲ್ಲಿ ಮನುಷ್ಯನಿಂದ ಶುರು ಮಾಡೋಕೆ ಕಲಿಸ್ತಾರೆ."

ಗುಳಿಗೆಯಕ್ಕ ಇದನ್ನೆಲ್ಲ ಕೇಳಿಸಿಕೊಳ್ಳುತ್ತ, ಗಂಡನ ಹೊಸ ಮಾತ್ರೆಗಳನ್ನು ಪೊಟ್ಟಣಕ್ಕೆ ಹಾಕಿ ಕೆಂಪು ಪೆನ್ಸಿಲ್ ತೆಗೆದಿದ್ದಳು. ಸೂರ್ಯನ ದುಂಡು ಮುಗಿದು ಕಿರಣಗಳು ಮೂಡುತ್ತಿದ್ದವು.

"ಅದು ಯಾರಿಗೇ?" ಎಂದಳು ಚೂಟಿ.

"ನಮ್ಮನೆಯವರಿಗೆ. ಮಾತ್ರೆ ಜಾಸ್ತಿ ಮಾಡಿದಾರೆ." ಒದ್ದೆ ದಿಂಬು, ನಡುಕ, ದಾರಿ ಕೇಳಿದ್ದು, ಏರಿದ ಮೀಟರು, ಎಲ್ಲವನ್ನೂ ಹೇಳಿದಳು.

ಚೂಟಿ ಮಾತ್ರೆಯ ಹೆಸರನ್ನು ಓದಲಿಲ್ಲ. ಸೂರ್ಯನನ್ನೇ ನೋಡುತ್ತಿದ್ದಳು.

"ನಿಮ್ಮೆಜಮಾನರಿಗೆ ಬೆಳಗಾಗೋದು ಯಾವಾಗ?"

ಮಾವ ಮತ್ತೆ ನಕ್ಕರು. "ಇದೇನಮ್ಮ ಪ್ರಶ್ನೆ! ಊರಿಗೆಲ್ಲ ಒಬ್ಬನೇ ಸೂರ್ಯ. ಅವನಿಗೆ ಬೇರೆ ಹುಟ್ತಾನಾ?"

ಗುಳಿಗೆಯಕ್ಕ ನಗಲಿಲ್ಲ. ಪೆನ್ಸಿಲ್ ಹಿಡಿದ ಕೈ ಅಲ್ಲೇ ನಿಂತಿತು. "ಅವರು ಬೆಳಿಗ್ಗೆ ಬಂದು ಮಲಗ್ತಾರೆ. ಮಧ್ಯಾಹ್ನದ ಮೇಲೆ ಏಳ್ತಾರೆ."

"ಮಾತ್ರೆ?"

"ಬಂದ ತಕ್ಷಣ ನುಂಗ್ತಾರೆ. ಸೂರ್ಯ ಅಲ್ವಾ, ಬೆಳಿಗ್ಗೆ..."

"ನುಂಗಿ, ಉಂಡು ಮಲಗ್ತಾರಾ?"

"ತಟ್ಟೆಯಲ್ಲಿ ಬಡಿಸಿ ಮುಚ್ಚಿಟ್ಟು ಬರ್ತೀನಿ. ನಾನು ಮನೆಗೆ ಹೋಗೋಷ್ಟರಲ್ಲಿ ತಟ್ಟೆ ತೊಳೆದು ಬೋರಲು ಹಾಕಿರ್ತಾರೆ." ಇಷ್ಟು ಹೇಳಿದ ಗುಳಿಗೆಯಕ್ಕನಿಗೆ ತನ್ನ ಮಾತು ತನಗೇ ಕೇಳಿಸಿತು. ತೊಳೆದ ತಟ್ಟೆ ನೋಡಿದ್ದಳು ನಿಜ. ಅದು ಬೆಳಿಗ್ಗೆ ಖಾಲಿಯಾದದ್ದೋ, ಎದ್ದ ಮೇಲೆ ಖಾಲಿಯಾದದ್ದೋ, ತಟ್ಟೆಯೇನು ಬಾಯಿಬಿಟ್ಟು ಹೇಳುತ್ತದೆಯೇ?

"ಈಗ ಮಲಗಿದಾರಾ?"

ಗುಳಿಗೆಯಕ್ಕ ಆಗಲೇ ಮೀಟರನ್ನು ಕೈಗೆತ್ತಿಕೊಂಡು ಕಪಾಟು ದಾಟಿದ್ದಳು. "ಮಾವ, ಅಂಗಡಿ ಬಾಗಿಲು ಎಳಕೊಳ್ಳಿ!"

ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ ಇತ್ತು. ಕಿಟಕಿಗೆ ಕಪ್ಪು ಪರದೆ ಎಳೆದು, ಹಗಲಿನೊಳಗೊಂದು ಪುಟ್ಟ ರಾತ್ರಿ ಮಾಡಿಕೊಂಡು ಬನ್ನಣ್ಣ ಮಲಗಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ತುಟಿ ಏನನ್ನೋ ಗೊಣಗುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೆಯೇ ಇತ್ತು.

"ರೀ, ಏಳ್ರೀ. ನಾನು ಯಾರು ಹೇಳ್ರೀ?"

ಬನ್ನಣ್ಣ ಕಣ್ಣು ಅರೆತೆರೆದ. "ಒಲೆ... ಒಲೆ ಆರಿಹೋಗ್ತಾ ಇದೆ," ಎಂದ.

ಬೆರಳು ಚುಚ್ಚಿದರು. ಗುಳಿಗೆಯಕ್ಕ ಮೀಟರಿನ ಅಂಕಿಯನ್ನು ಚೂಟಿಯ ಕಡೆ ತಿರುಗಿಸಿದಳು. ಸಕ್ಕರೆ ತೀರಾ ಕೆಳಗಿಳಿದಿತ್ತು.

"ಎಚ್ಚರ ಇದೆ, ನುಂಗೋಕಾಗುತ್ತೆ. ಸಕ್ಕರೆ ನೀರು ಕುಡಿಸು," ಎಂದಳು ಚೂಟಿ. "ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಗೊತ್ತಲ್ಲ. ಆಗ ಸೀದಾ ಆಸ್ಪತ್ರೆಗೇ."

ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳು ಚುಚ್ಚಿದರು. ಅಂಕಿ ಮೇಲೇರಿತ್ತು. ಆಮೇಲೆ ಬ್ರೆಡ್ಡು ತಿನ್ನಿಸಿದರು. ಒಣಗಿದ ಗಿಡಕ್ಕೆ ನೀರು ಬಿಟ್ಟ ಹಾಗೆ, ಅವನ ಮುಖಕ್ಕೆ ಕಳೆ ಮೆಲ್ಲಗೆ ಮರಳಿ ಬಂತು. ಚೂಟಿಯನ್ನು ನೋಡಿ, "ಓಹೋ, ನೆಂಟರು! ನನ್ನ ಬನೀನು ನೋಡೋಕೆ ಇಷ್ಟು ದೂರ ಬಂದ್ರಾ?" ಎಂದ.

ಗುಳಿಗೆಯಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ತಿಂದು ಮಲಗೋಕೇನಾಗಿತ್ರೀ ನಿಮಗೆ?"

"ರಾತ್ರಿಯೆಲ್ಲ ಬೆಂದ ಬ್ರೆಡ್ಡಿನ ವಾಸನೆ ಕುಡಿದು ಬಂದಿರ್ತೀನಿ ಕಣೇ. ಬೆಳಿಗ್ಗೆ ತಟ್ಟೆ ನೋಡಿದ್ರೇ ಆಗಲ್ಲ. ಎದ್ದ ಮೇಲೆ ತಿಂತೀನಿ. ಮಾತ್ರೆ ಮಾತ್ರ ಒಂದು ದಿನವೂ ಬಿಟ್ಟಿಲ್ಲ ನೋಡು. ಅಪ್ಪ ಬರೆದ ಸೂರ್ಯ ಇದೆಯಲ್ಲ!"

"ಹಾಗಾದರೆ ರಕ್ತಪರೀಕ್ಷೆ ದಿನ?" ಎಂದು ಕೇಳಿದಳು ಚೂಟಿ. "ಹಸಿದ ಹೊಟ್ಟೆಯಲ್ಲೇ ಹೋಗಿದ್ರಾ?"

"ಹೂಂ ಮತ್ತೆ. ಏನೂ ತಿಂದಿರಲಿಲ್ಲ."

"ಬೇಕರಿಯಲ್ಲೂ?"

"ಅಲ್ಲಿ ತಿನ್ನೋದೇನಮ್ಮ, ಒಲೆಯಿಂದ ತೆಗೆದ ಬನ್ನು ರುಚಿ ನೋಡ್ತೀವಿ ಅಷ್ಟೇ. ಪ್ರತಿ ತಟ್ಟೆಯಿಂದ ಒಂದೊಂದು ತುಣುಕು. ರುಚಿ ನೋಡೋದು ಕೆಲಸ. ಅದನ್ನ ಊಟ ಅಂತಾರಾ ಯಾರಾದ್ರೂ?"

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಒಲೆಯ ಮುಂದೆ ನಿಲ್ಲುವವನಲ್ಲದೆ ಇನ್ನಾರೂ ಇಂಥ ತಪ್ಪು ಮಾಡಲಾರರು. ಬೆಳಗಿನ ಜಾವ ತಿಂದ ಸಿಹಿ ಬನ್ನುಗಳು ಪರೀಕ್ಷೆಯಲ್ಲಿ ಸಕ್ಕರೆಯನ್ನು ಏರಿಸಿ ತೋರಿಸಿದ್ದವು. ಎದ್ದ ಮೇಲಿನ ಊಟ ಸಂಜೆಯ ಮೀಟರಿನಲ್ಲಿ ಏರಿಸಿ ತೋರಿಸಿತ್ತು. ಇವೆರಡರ ನಡುವೆ, ಪರದೆ ಎಳೆದ ಕತ್ತಲೆಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಮಾತ್ರೆ ಒಂದೇ ಎಚ್ಚರವಿದ್ದು ಅವನನ್ನು ಕೆಳಕ್ಕೆ ಎಳೆಯುತ್ತಿತ್ತು. ಇನ್ನು ನಾಳೆ ಹೊಸ ಪೊಟ್ಟಣದ ಹೆಚ್ಚಿನ ಮಾತ್ರೆಯನ್ನೂ ಹೀಗೆಯೇ ನುಂಗಿ ಮಲಗಿದ್ದರೆ?

ಗುಳಿಗೆಯಕ್ಕ ತಾನೇ ಮಾತ್ರೆ ಬದಲಿಸಲು ಹೋಗಲಿಲ್ಲ. ಗಂಡನನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ಒಳ್ಳೇದಾಯ್ತು ಬಂದಿದ್ದು. ಏನು ಕೆಲಸ ಅಂತ ಕೇಳಿದ್ದೆ, ಬೇಕರಿ ಅಂದ್ರು. ಯಾವ ಹೊತ್ತಿನ ಕೆಲಸ ಅಂತ ಕೇಳಲಿಲ್ಲ ನೋಡಿ," ಎಂದು ಮಾತ್ರೆ ಹೆಚ್ಚಿಸಿದ್ದನ್ನು ತೆಗೆದುಹಾಕಿದರು. "ಹಳೇ ಪ್ರಮಾಣವೇ ಇರಲಿ. ಎದ್ದ ಮೇಲೆ, ತಟ್ಟೆ ಮುಂದೆ ಬಂದಾಗ ಮಾತ್ರೆ. ತಟ್ಟೆ ಇಲ್ಲ ಅಂದ್ರೆ ಮಾತ್ರೆ ಇಲ್ಲ. ಬನ್ನಿನ ರುಚಿ ನೋಡೋ ಕೆಲಸ ಬೇರೆಯವರಿಗೆ ಬಿಡಿ. ಮುಂದಿನ ವಾರ ಬನ್ನಿ, ಹೊಸದಾಗಿ ಪರೀಕ್ಷೆ ಮಾಡಿಸೋಣ." ಆಮೇಲೆ ಗುಳಿಗೆಯಕ್ಕನ ಕಡೆ ತಿರುಗಿ, "ಇಂಥದ್ದು ನಿಮ್ಮ ಅಂಗಡಿಯಲ್ಲಿ ಕಣ್ಣಿಗೆ ಬಿದ್ರೆ ನನಗೊಂದು ಫೋನ್ ಮಾಡಿ. ರೋಗಿ ನನ್ನ ಹತ್ತಿರ ಇರೋದು ಸ್ವಲ್ಪ ಹೊತ್ತು. ನಿಮ್ಮ ಅಂಗಡಿಗೆ ಪದೇಪದೇ ಬರ್ತಾನೆ," ಎಂದರು.

ಅಂದು ಸಂಜೆ ಮನೆಯಲ್ಲಿ ಚಹಾ ಆರುತ್ತಿತ್ತು. ಮಾವ ಮಗನ ಹಳೆಯ ಪೊಟ್ಟಣವನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತಿದ್ದರು. ಮೀಸೆಯ ಸೂರ್ಯ ಏನೂ ಅರಿಯದವನ ಹಾಗೆ ಹೊಳೆಯುತ್ತಿದ್ದ.

"ನಾನೇ ಬರೆದದ್ದು," ಎಂದರು ಮಾವ.

"ಅಪ್ಪಾ, ಸೂರ್ಯನ ತಪ್ಪಲ್ಲ ಅದು," ಎಂದ ಬನ್ನಣ್ಣ. "ನಾನೇ ತಲೆಕೆಳಗಾಗಿ ಬದುಕ್ತಾ ಇದೀನಿ."

"ತಾತ, ನಿಮ್ಮ ಸೂರ್ಯ ಎಷ್ಟು ಜನರಿಗೆ ದಾರಿ ತೋರಿಸಿದಾನೋ," ಎಂದಳು ಚೂಟಿ. "ಆದರೆ ಈಗ ಕಾಲ ಬದಲಾಗಿದೆ. ರಾತ್ರಿ ಪಾಳಿ ಜನ ಎಷ್ಟಿದಾರೆ ಊರಲ್ಲಿ! ಒಬ್ಬೊಬ್ಬರು ಮೂರು ಮೂರು ಡಾಕ್ಟರ ಹತ್ತಿರ ಔಷಧಿ ತಗೋತಾರೆ. ಒಂದಕ್ಕೊಂದು ಜಗಳ ಆಡೋ ಮಾತ್ರೆಗಳನ್ನ ಒಂದೇ ಚೀಲದಲ್ಲಿ ಮನೆಗೆ ಒಯ್ತಾರೆ. ಯಾರಾದರೂ ಕೂತು ಕೇಳಬೇಕಲ್ಲ."

"ಬೆಳಗಾಗೋದು ಯಾವಾಗ ಅಂತ ಕೇಳಿದೆಯಲ್ಲ," ಮಾವ ತಲೆಯೆತ್ತಿದರು. "ಅದನ್ನ ಆ ಕೋರ್ಸಲ್ಲಿ ಹೇಳಿಕೊಟ್ಟರಾ?"

"ಅದೇ ಪ್ರಶ್ನೆ ಅಂತಲ್ಲ. ಕೇಳೋದನ್ನ ಹೇಳಿಕೊಟ್ರು."

ಮಾವ ಪೊಟ್ಟಣವನ್ನು ಕೆಳಗಿಟ್ಟರು. ಮತ್ತೆ ಹಳೆಯ ಚಾಳಿ ಹೆಡೆಯೆತ್ತಿತು. "ಇವಳು ಆಸ್ಪತ್ರೆ ಪಾಠಕ್ಕೆ ಹೋದ ದಿನ ಅಂಗಡಿ ನೋಡೋರು ಯಾರು?"

"ಒಬ್ಬರು ಫಾರ್ಮಸಿಸ್ಟ್ ಇದಾರಂತಲ್ಲ ನಮ್ಮಲ್ಲಿ, ನೋಂದಣಿ ಇರೋರು, ಕೆಮ್ಮು ಕೇಳಿ ಹೆಸರು ಹೇಳೋರು," ಎಂದಳು ಗುಳಿಗೆಯಕ್ಕ ನೆಲ ನೋಡುತ್ತ. "ಬೆತ್ತದ ಕುರ್ಚಿಯಿಂದ ಏಳ್ತಾರಾ ಅಂತ ಕೇಳಬೇಕು."

ಬನ್ನಣ್ಣ ಚಹಾ ಗಂಟಲಿಗೆ ಸಿಕ್ಕಿಸಿಕೊಂಡ. ಮಾವ ಸೊಸೆಯನ್ನು ಗುರಾಯಿಸಿ ನೋಡಿದರು, ಗುರಾಯಿಸುತ್ತ ಗುರಾಯಿಸುತ್ತ ನಕ್ಕುಬಿಟ್ಟರು. "ಅರ್ಜಿ ತಾ ಇಲ್ಲಿ. ಆದರೆ ಮೊದಲು ವಿಚಾರಿಸಬೇಕು. ಆ ಕೋರ್ಸಿಗೆ ಮಾನ್ಯತೆ ಇದೆಯಾ, ಕೊಡೋ ವಿಶ್ವವಿದ್ಯಾಲಯ ಎಂಥದು, ಕೊನೆಗೆ ಬರೋ ಪ್ರಮಾಣಪತ್ರ ಎಲ್ಲೆಲ್ಲಿ ನಡೆಯುತ್ತೆ ಅಂತ. ಡಬ್ಬಿಯ ಮೇಲಿನ ದಿನಾಂಕ ನೋಡದೆ ಔಷಧಿ ತಗೊಂಡವನಲ್ಲ ನಾನು."

"ಭೇಷ್ ತಾತ! ಅದು ಮಾತು," ಎಂದಳು ಚೂಟಿ.

ವಿಚಾರಿಸಿದರು, ಮಾನ್ಯತೆ ಇತ್ತು. ಗುಳಿಗೆಯಕ್ಕ ಸೇರಿದಳು.

ಓದು ಬೆಣ್ಣೆಯ ಹಾಗೆ ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಮೊದಲು ಪುಸ್ತಕ ಬಿಡಿಸಿದರೆ ಆಕಳಿಕೆ. ಬಿಟ್ಟುಹೋದ ಲೆಕ್ಕಗಳು ಅಪರಿಚಿತರ ಹಾಗೆ ನೋಡುತ್ತಿದ್ದವು. ಒಂದು ಉತ್ತರವನ್ನು ಗುರುಗಳು ತಿದ್ದಿ ವಾಪಸು ಕಳಿಸಿದಾಗ, ಇಷ್ಟು ವಯಸ್ಸಾದ ಮೇಲೆ ನನಗಿದು ಯಾಕೆ ಬೇಕಿತ್ತು ಎಂದು ಮುಸುಕು ಹಾಕಿಕೊಂಡು ಮಲಗಿಯೂ ಬಿಟ್ಟಳು. ಆಗ ಕಾಲೇಜಿಗೆ ಹೋಗುವ ಮಗಳು ಬಂದು, "ಅಮ್ಮಾ, ಎದ್ದು ಓದು ಅಂತ ನನಗೆ ಬೈತಿದ್ದೆಯಲ್ಲ, ಏಳು," ಎಂದು ಮುಸುಕು ಎಳೆದಳು.

ಬೆಳಗಿನ ಜಾವ ಅಡುಗೆಮನೆಯ ಮೇಜೇ ಅವಳ ಕಾಲೇಜು. ಓದುತ್ತ ಕೂತಿರುವಾಗ ಬನ್ನಣ್ಣ ಬಿಸಿ ಬ್ರೆಡ್ಡಿನ ವಾಸನೆ ಹೊತ್ತು ಬಾಗಿಲು ತೆಗೆಯುತ್ತಾನೆ. ಮೊದಲೆಲ್ಲ ಅವನು ಬರುವಾಗ ಅವಳು ಹೊರಡುತ್ತಿದ್ದಳು. ಸೂರ್ಯ-ಚಂದ್ರರ ಹಾಗೆ ಒಂದೇ ಮನೆಯ ಎರಡು ಬಾಗಿಲಲ್ಲಿ ಓಡಾಡುತ್ತಿದ್ದರು. ಈಗ ಪಾಠದ ನೆಪದಲ್ಲಿ ಇಬ್ಬರೂ ಎದುರುಬದುರು ಕೂರುತ್ತಾರೆ. ಅವನು ಮಲಗುವ ಮೊದಲು ಅವಳ ಕಣ್ಣೆದುರೇ ನಾಲ್ಕು ತುತ್ತು ತಿನ್ನುತ್ತಾನೆ. ಎದ್ದ ಮೇಲೆ ತಟ್ಟೆ, ತಟ್ಟೆಯ ಜೊತೆ ಮಾತ್ರೆ. ದಿಂಬು ಒದ್ದೆಯಾಗುವುದು ನಿಂತುಹೋಗಿದೆ.

ಅಂಗಡಿಯಲ್ಲೀಗ ಒಂದು ಮೋಟು ಸ್ಟೂಲು ಬಂದಿದೆ. ಔಷಧಿಗೆ ಬಂದವರನ್ನು ಗುಳಿಗೆಯಕ್ಕ ಅದರ ಮೇಲೆ ಕೂರಿಸಿ ವಿಚಾರಿಸುತ್ತಾಳೆ. ಬೇರೆ ಯಾವ ಔಷಧಿ ತಗೋತೀರಿ? ಏಳೋದು ಯಾವಾಗ, ಉಣ್ಣೋದು ಯಾವಾಗ? ಮೊದಲು ಗೊಣಗುತ್ತಿದ್ದ ಜನ ಈಗ ತಾವಾಗಿಯೇ ಕೂರುತ್ತಾರೆ. ಪಕ್ಕದ ಮನೆ ಚಿಕ್ಕಮ್ಮನಂತೂ ಔಷಧಿ ಬೇಡದಿದ್ದರೂ ಬಂದು ಕೂತುಬಿಡುತ್ತಾಳೆ.

ಪೆನ್ಸಿಲ್ಲುಗಳ ಡಬ್ಬಿಯಲ್ಲಿ ಕೆಂಪು, ನೀಲಿಯ ಜೊತೆಗೆ ಒಂದು ಹಸಿರೂ ಸೇರಿದೆ. ಸೂರ್ಯ-ಚಂದ್ರರು ಒಗ್ಗದವರಿಗೆ ಮಾವ ಪೊಟ್ಟಣದ ಮೇಲೆ ಹಸಿರಿನಲ್ಲಿ ಒಂದು ತಟ್ಟೆ ಬರೆಯುತ್ತಾರೆ. ಮೊದಲ ತಟ್ಟೆ ಮಗನ ಪೊಟ್ಟಣಕ್ಕೆ ಬರೆದರು. ಬರೆದು, ಕನ್ನಡಕದೊಳಗಿಂದ ಹಿಂದೆ ಮುಂದೆ ನೋಡಿ, ಏನೋ ಸಾಲದೆಂದು ತಟ್ಟೆಗೂ ಒಂದು ಮೀಸೆ ಇಟ್ಟರು.

"ಇದ್ಯಾಕೆ ಮಾವ?" ಎಂದಳು ಸೊಸೆ.

"ಇರಲಿ ಬಿಡಮ್ಮ. ಅವನಿಗೆ ಅಪ್ಪನ ಕೈ ಅಂತ ಗೊತ್ತಾಗಬೇಕಲ್ಲ."

ಔಷಧದಂಗಡಿಗಳಲ್ಲಿ, ಆಸ್ಪತ್ರೆಯ ಔಷಧ ಕಿಟಕಿಗಳ ಹಿಂದೆ ದಿನವಿಡೀ ನಿಲ್ಲುವ ಅಕ್ಕಂದಿರೇ, ಅಣ್ಣಂದಿರೇ, ನೀವು ಆಗಲೇ ನೀರಿನಲ್ಲಿದ್ದೀರಿ. ಕೆಲಸ ಬಿಡದೆ, ಊರು ಬಿಡದೆ ಕ್ಲಿನಿಕಲ್ ಫಾರ್ಮಸಿಯಲ್ಲಿ ಮುಂದೆ ಓದುವ ದಾರಿ ಇದೆಯೇ ಎಂದು ಒಮ್ಮೆ ವಿಚಾರಿಸಿ. ಮಾನ್ಯತೆ ಇದೆಯೇ, ಎದುರು ಕೂರಿಸಿ ಕಲಿಸುವ ದಿನಗಳು ಇವೆಯೇ ನೋಡಿಕೊಂಡು ಸೇರಿ. ಮನೆಯವರೇ, ಅವರು ಪುಸ್ತಕ ಹಿಡಿದರೆ ನಗಬೇಡಿ, ಒಂದು ಲೋಟ ಚಹಾ ತಂದಿಡಿ. ಔಷಧಿ ತೆಗೆದುಕೊಳ್ಳುವವರೇ, ನೀವು ಯಾವಾಗ ಮಲಗುತ್ತೀರಿ, ಯಾವಾಗ ಉಣ್ಣುತ್ತೀರಿ, ಇನ್ನೇನು ನುಂಗುತ್ತೀರಿ ಎಂಬುದನ್ನು ಡಾಕ್ಟರಿಗೂ ಔಷಧ ಕೊಡುವವರಿಗೂ ಮರೆಯದೆ ಹೇಳಿ.

ಆಕಾಶದ ಸೂರ್ಯ ಎಲ್ಲರಿಗೂ ಒಬ್ಬನೇ. ಬೆಳಗು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಆಗುತ್ತದೆ. ನಿಮ್ಮ ಮುಂದೆ ಚೀಟಿ ಹಿಡಿದು ನಿಂತವರಿಗೆ ಬೆಳಗಾಗುವುದು ಯಾವಾಗ? ಇವತ್ತೇ ಕೇಳಿ ನೋಡಿ.